ದುರ್ಗವ್ವನಿಗೆ ಉಡಿಸಿದ ಬಿಳಿ ಸೀರೆ

ಮಾರ್ಚ್ 2, ಭಾನುವಾರ

ಇವತ್ತು ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸಿನ ಹಣೆ ಒರೆಸಲು ಹೋಗಿ ಪೇಚಿಗೆ ಸಿಕ್ಕಿಕೊಂಡೆ.

ಹೊಸಬಳು. ಎರಡು ತಿಂಗಳಿಂದ ನಮ್ಮ ಚರ್ಚಿಗೆ ಬರುತ್ತಿದ್ದಾಳಂತೆ, ನನ್ನ ಕಣ್ಣಿಗೆ ಬಿದ್ದದ್ದು ಇವತ್ತೇ. ಮುಂಗೈ ತುಂಬ ಹಸಿರು ಗಾಜಿನ ಬಳೆ, ಕಾಲುಂಗುರ, ಕೆನ್ನೆಗೆ ಅರಿಶಿನ, ತಲೆ ಮುಚ್ಚಿದ ಸೆರಗು, ಹುಬ್ಬುಗಳ ನಡುವೆ ಹಸಿರು ಬೊಟ್ಟು. ಚರ್ಚಿನ ಬಾಗಿಲ ಪಕ್ಕದಲ್ಲಿ ಉಡುಪಿನ ನಿಯಮದ ಬೋರ್ಡು ಹದಿಮೂರು ವರ್ಷದಿಂದ ತೂಗುತ್ತಿದೆ. ನಾನೇ ದುಂಡಾಗಿ ಬರೆದು ಗಾಜು ಹಾಕಿಸಿದ್ದು. ಮೂರನೆಯ ನಿಯಮ, ಹಣೆಗೆ ಏನೂ ಇಡಬಾರದು. ನಾನು ಸ್ತ್ರೀಯರ ಸಭೆಯ ಕಾರ್ಯದರ್ಶಿ, ಮೇಲಾಗಿ ಮೂವತ್ತೊಂದು ವರ್ಷ ಹೊಲಿಗೆ ಟೀಚರಾಗಿದ್ದವಳು. ಕಂಡೂ ಕಾಣದ ಹಾಗೆ ಇರುವುದು ನನ್ನಿಂದಾಗದು. ಕರ್ಚೀಫಿಗೆ ನೀರು ಹಚ್ಚಿಕೊಂಡು ಹೋದೆ.

"ಬಾಮ್ಮ ಇಲ್ಲಿ, ಇದನ್ನ ಒರೆಸ್ಕೋ. ದೇವರ ಮನೇಲಿ ಇದೆಲ್ಲ ಇಡಬಾರದು" ಎಂದೆ.

ಅವಳು ನಕ್ಕಳು. "ಒರಸಿದ್ರ ಹೋಗೂದಲ್ರಿ ಅಕ್ಕಾರ. ಹಚ್ಚಿರೀ ಅದು. ಸಣ್ಣಾಕಿದ್ದಾಗ ನಮ್ಮಜ್ಜಿ ಹಾಕಿಸ್ಯಾಳ. ತಗೀಬೇಕಂದ್ರ ತೊಗಲಾ ತಗೀಬೇಕು."

ಪಕ್ಕದಲ್ಲಿದ್ದ ಗ್ರೇಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಸ್ತ್ರೀಯರ ಸಭೆಯ ಅಧ್ಯಕ್ಷೆ. ನಾನು ಒದ್ದೆ ಕರ್ಚೀಫನ್ನು ಬ್ಯಾಗಿಗೆ ತುರುಕಿಕೊಂಡೆ.

ಹೆಸರು ದುರ್ಗವ್ವನಂತೆ. ಕೊಪ್ಪಳದ ಕಡೆಯ ಹಳ್ಳಿ. ಅಜ್ಜನ ಕಾಲದಿಂದಲೂ ಕ್ರೈಸ್ತರು. ಹಾಗಿದ್ದರೆ ದುರ್ಗವ್ವ ಅಂತ ಹೆಸರು ಯಾಕೆ ಎಂದು ಕೇಳಿದೆ. "ಅಜ್ಜಿ ಹೆಸರ್ರೀ. ಅಜ್ಜಿನ ಬಿಡಾಕ ಬರತೈತೇನ್ರಿ?" ಎಂದಳು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡೇ ಬಂದಿದ್ದಾಳೆ.

ಮಾರ್ಚ್ 5, ಬುಧವಾರ

ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಫೋನ್ ಮಾಡಿದ್ದರು. ಈಸ್ಟರ್ ಭಾನುವಾರ ಸಭೆಗೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳುವುದು ನಮ್ಮ ಚರ್ಚಿನ ರೂಢಿ. ಅವತ್ತೇ ಅವರಿಗೆ ಮೊದಲ ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಹೆಂಗಸರನ್ನು ಸಿದ್ಧಪಡಿಸುವ ಕೆಲಸ ಯಾವತ್ತೂ ನನ್ನದು. ಈ ಸಲ ಒಬ್ಬಳೇ ಒಬ್ಬಳು, ಅದೇ ದುರ್ಗವ್ವ.

ಮೂಡಲಪಾಳ್ಯದಲ್ಲಿ ಕಟ್ಟುತ್ತಿರುವ ಮನೆಯೊಂದರ ಪಕ್ಕ ಶೀಟಿನ ಶೆಡ್ಡಿನಲ್ಲಿ ಇದ್ದಾರೆ. ಗಂಡ ಹನುಮೇಶ ಸೆಂಟ್ರಿಂಗ್ ಕೆಲಸ. ಅತ್ತೆ ಕಸ್ತೂರೆವ್ವ ಜೊತೆಯಲ್ಲಿದ್ದಾಳೆ. ಇವಳು ನಮ್ಮ ಬಸವೇಶ್ವರನಗರದಲ್ಲೇ ಮೂರು ಮನೆಗೆ ಪಾತ್ರೆ ತೊಳೆಯುತ್ತಾಳಂತೆ. ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ ಬಾ ಎಂದಿದ್ದೆ, ಬಂದಳು. ಕುರ್ಚಿ ತೋರಿಸಿದರೆ ನೆಲದ ಮೇಲೆ ಕೂತಳು.

ವಯಸ್ಸು ಮೂವತ್ತನಾಲ್ಕಾದರೂ ಇನ್ನೂ ಯಾಕೆ ಸಭೆಗೆ ಸೇರಿಲ್ಲ ಎಂದೆ. ಅವರ ಹಳ್ಳಿಗೆ ಅಯ್ಯನವರು ವರ್ಷಕ್ಕೆ ಒಂದೇ ಸಲ ಬರುತ್ತಿದ್ದರಂತೆ. ಒಂದು ವರ್ಷ ಅವಳು ಬಾಣಂತಿ, ಒಂದು ವರ್ಷ ಗುಳೆ ಹೋಗಿದ್ದಳು, ಆಮೇಲೆ ಗುಳೆಯೇ ಬದುಕಾಯಿತು. "ರೊಟ್ಟಿ ಕೊಡೂ ಮುಂದ ಹುಡುಗರ ಸಾಲಿನಾಗ ಕುಂದರತೀನ್ರಿ. ನಾಚಿಕಿ ಬರತೈತಿ. ನಮ್ಮವ್ವ ಸಾಯೂ ಮುಂದ ಒಂದ ಮಾತು ಕೇಳಿದ್ಲು, ರೊಟ್ಟಿ ತಿಂದೇನವ್ವಾ ಅಂತ. ಹೂಂ ಅಂದ್ನಿ. ಸುಳ್ಳು ಹೇಳೀನ್ರಿ ಅಕ್ಕಾರ."

ಇದನ್ನು ಹೇಳುವಾಗ ಅವಳು ನಗಲಿಲ್ಲ.

ಮಾರ್ಚ್ 12, ಬುಧವಾರ

ಇವತ್ತು ಉಡುಪಿನ ಪಾಠ. ಸೇರುವ ದಿನ ಹೆಂಗಸರು ಬಿಳಿ ಸೀರೆ ಉಡಬೇಕು, ಮೊಣಕೈವರೆಗೆ ತೋಳಿರುವ ಬಿಳಿ ರವಿಕೆ ತೊಡಬೇಕು, ಗಾಜಿನ ಬಳೆ ಕೂಡದು ಎಂದು ಬಿಡಿಸಿ ಹೇಳಿದೆ. ಪೌಲನು ತಿಮೊಥೆಯನಿಗೆ ಬರೆದ ಪತ್ರ ತೆಗೆದು, ಹೆಂಗಸರು ಮಾನಸ್ಥೆಯರಾಗಿ ಉಡಬೇಕು, ಒಡವೆಯಿಂದ ಮೆರೆಯಬಾರದು ಎನ್ನುವ ಭಾಗ ಓದಿದೆ.

"ಗಾಜಿನ ಬಳಿ ಯಾಕ ಬ್ಯಾಡ್ರಿ?"

"ಪ್ರಾರ್ಥನೆ ಹೊತ್ತಲ್ಲಿ ಸದ್ದು ಮಾಡ್ತವೆ ಕಣಮ್ಮ. ಅಕ್ಕಪಕ್ಕದವರ ಮನಸ್ಸು ಕೆಡುತ್ತೆ."

ಅವಳು ನನ್ನ ಕೈ ನೋಡಿದಳು. "ಚಿನ್ನದ್ದು ಸಪ್ಪಳಾ ಮಾಡಂಗಿಲ್ಲೇನ್ರಿ?"

ನಾನು ಹಾಕುವುದು ಎರಡೇ ಬಳೆ. ಅದೂ ತೆಳ್ಳಗಿನವು. ಗ್ರೇಸಮ್ಮನ ಹಾಗೆ ಆರಾರು ತೂಗಿಸಿಕೊಂಡು ಬರುವವಳಲ್ಲ ನಾನು. ಮಾತು ಬದಲಿಸಿ ಇನ್ನೊಂದು ಪತ್ರ ಓದಲು ಹೋದೆ. ಕೊರಿಂಥದ ಸಭೆಗೆ ಬರೆದದ್ದು, ಹೆಂಗಸರು ಪ್ರಾರ್ಥನೆಯಲ್ಲಿ ತಲೆ ಮುಚ್ಚಿಕೊಳ್ಳಬೇಕು ಎನ್ನುವ ಅಧ್ಯಾಯ. ಓದಿದ ಮೇಲೆ ಹೊಳೆಯಿತು, ಓದಬಾರದಿತ್ತು.

"ಹಂಗಾದ್ರ ನೀವ್ಯಾಕ ತಲಿ ಮ್ಯಾಲ ಸೆರಗು ಹಾಕ್ಕೊಳ್ಳಂಗಿಲ್ರಿ ಅಕ್ಕಾರ? ಇಲ್ಲಿ ಯಾರೂ ಹಾಕ್ಕೊಳ್ಳಂಗಿಲ್ಲ. ನಮ್ಮೂರಾಗ ಬರೇ ತಲೀಲೆ ದೇವರ ಮುಂದ ಕುಂತ್ರ ಹಿರೇರು ಎಬ್ಬಿಸಿ ಕಳಸತಾರ."

"ಅದು ಆ ಕಾಲದ ಮಾತು. ಆ ಊರಿನ ಪದ್ಧತಿ."

"ಬಳಿ ಮಾತು ಈ ಕಾಲದ್ದೇನ್ರಿ?"

ಅವಳಿಗೆ ಕುಚೋದ್ಯ ಗೊತ್ತಿಲ್ಲ, ತಿಳಿಯಲೆಂದೇ ಕೇಳುತ್ತಾಳೆ. ಅದಕ್ಕೇ ತಲೆನೋವು. ಚಹಾ ಕೊಟ್ಟು ಕಳಿಸಿದೆ.

ಮಾರ್ಚ್ 26, ಬುಧವಾರ

ಮೇಲಿನ ಪೋರ್ಷನ್ನಿನ ಚನ್ನವೀರೇಶ್ ಮತ್ತೆ ತನ್ನ ಚಡ್ಡಿಗಳನ್ನು ಗೇಟಿನ ಮೇಲೆ ಒಣಹಾಕಿದ್ದ. ದಾರಿಯಲ್ಲಿ ಹೋಗುವವರು ಇದು ಟೀಚರ ಮನೆಯೋ ಧೋಬಿ ಘಾಟೋ ಅಂದುಕೊಳ್ಳಬೇಕು. ಕೂಗಿ ತೆಗೆಸಿದೆ.

ದುರ್ಗವ್ವ ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಎಲ್ಲ ಬಾಯಿಪಾಠ ಒಪ್ಪಿಸಿದಳು. ಓದು ಬಾರದವಳು ಒಂದಕ್ಷರ ತಪ್ಪಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಹುಡುಗಿಯರು ಮೊಬೈಲ್ ನೋಡಿಕೊಂಡು ಹೇಳುತ್ತಾರೆ. ಒಳಗೊಳಗೇ ಖುಷಿಯಾಯಿತು, ಹೊರಗೆ ತೋರಿಸಲಿಲ್ಲ.

ಸೀರೆ ಉಡುವ ರೀತಿಯೊಂದು ಸರಿಹೋಗಿಲ್ಲ. ಕೆಲಸಕ್ಕೆ ಅನುಕೂಲ ಎಂದು ನೆರಿಗೆ ಎತ್ತಿ ಕಟ್ಟುತ್ತಾಳೆ, ಕಣಕಾಲು ಕಾಣುತ್ತದೆ. ಹೇಳಿದರೆ ಎತ್ತಿದ ನೆರಿಗೆಯನ್ನು ಇಳಿಸಿ, ನನ್ನ ಹಿಂಬದಿ ನೋಡಿ, "ನಿಮ್ಮ ಬೆನ್ನ ಕಾಣತೈತ್ರಿ" ಎಂದಳು. ನನ್ನ ರವಿಕೆಯ ಹಿಂದಿನ ಕುತ್ತಿಗೆ ನಾಲ್ಕೂವರೆ ಇಂಚು. ಎಲ್ಲರೂ ಇಡುವುದು ಅಷ್ಟೇ!

ಏಪ್ರಿಲ್ 5, ಶನಿವಾರ

ವಿಜಯನಗರದಲ್ಲಿ ಬಿಳಿ ಸೀರೆ ತಂದೆ. ತೆಳುವಲ್ಲ, ದಪ್ಪ ಹತ್ತಿಯದು, ಅಂಚಿಲ್ಲದ್ದು. ರವಿಕೆ ನಾನೇ ಹೊಲಿಯುತ್ತಿದ್ದೇನೆ. ನಮ್ಮ ಯಜಮಾನರು ಹೋದ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಇಷ್ಟು ಮನಸ್ಸಿಟ್ಟು ಕೂತದ್ದೇ ಇಲ್ಲ. ದುರ್ಗವ್ವ ಬಟ್ಟೆ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಯಾಕೆಂದು ಕೇಳಿದೆ.

"ನಮ್ಮಾಗ ಮುತ್ತೈದ್ಯಾರು ಬಿಳೀದು ಉಡಂಗಿಲ್ರಿ."

ಅವೆಲ್ಲ ಮೂಢನಂಬಿಕೆ, ನಮ್ಮಲ್ಲಿ ಮುತ್ತೈದೆ ವಿಧವೆ ಎಂಬ ಭೇದವೇ ಇಲ್ಲ ಎಂದು ತಿಳಿಹೇಳಿದೆ. "ನನ್ನೇ ನೋಡು. ಮೂರು ವರ್ಷದಿಂದ ಬಿಳಿ, ಬೂದು ಬಿಟ್ಟು ಬೇರೆ ಉಟ್ಟಿಲ್ಲ. ಸರಳತೆ ಅಂದ್ರೆ ಇದು." ಅವಳು ತಲೆಯಾಡಿಸಿದಳು. "ರೊಟ್ಟಿ ಸಿಗತೈತಲ್ರಿ, ಉಡತೀನಿ" ಎಂದಳು.

ಏಪ್ರಿಲ್ 12, ಶನಿವಾರ

ನನ್ನ ಜನ್ಮದಲ್ಲಿ ಹೊಲಿದ ಅತಿ ಒಳ್ಳೆಯ ರವಿಕೆ ಇದು ಅಂದರೆ ಜಂಬವಲ್ಲ. ಭುಜದಲ್ಲಿ ಒಂದು ಸುಕ್ಕಿಲ್ಲ.

ಮಧ್ಯಾಹ್ನ ಅವಳಿಗೆ ಎಲ್ಲವನ್ನೂ ಉಡಿಸಿ ನೋಡಿದೆ. ಬಳೆ ಬಿಗಿಯಾಗಿದ್ದವು, ಸೋಪು ಹಚ್ಚಿ ಒಂದೊಂದೇ ಎಳೆದೆ. ಎರಡು ಒಡೆದವು. ಅವಳು ಚೂರು ಕಂಡು ಬೆಚ್ಚಿದಳು. "ಗಾಜು ಒಡೆಯೋದೇ ಅಲ್ವೇನೇ, ಹೆದರ್ಕೋಬೇಡ" ಎಂದೆ. ಕೆನ್ನೆಯ ಅರಿಶಿನ ತೊಳೆಸಿದೆ. ಕನ್ನಡಿಯ ಮುಂದೆ ನಿಲ್ಲಿಸಿದರೆ ಎಷ್ಟು ಗಂಭೀರವಾಗಿ, ಎಷ್ಟು ಶುಭ್ರವಾಗಿ ಕಂಡಳು! ಅವಳು ಮಾತ್ರ ಕನ್ನಡಿ ನೋಡದೆ ಬರಿಗೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಹೊರಡುವಾಗ ಬಳೆ ಕೇಳಿದಳು, ತನ್ನ ಹಳೆಯ ಸೀರೆಯನ್ನೂ ಕೇಳಿದಳು. ನಾನು ಕೊಡಲಿಲ್ಲ. "ಹೀಗೇ ಹೋಗು. ಇನ್ನು ಎಂಟು ದಿನ ಇದೆ, ಅಷ್ಟರಲ್ಲಿ ಅಭ್ಯಾಸ ಆಗ್ಲಿ. ದೇವರ ಮಗಳಿಗೆ ಯಾಕೆ ಸಂಕೋಚ?" ಎಂದೆ. ಗೇಟು ದಾಟಿ ಒಮ್ಮೆ ತಿರುಗಿ ನೋಡಿ, ಗೋಡೆಯ ಪಕ್ಕದಲ್ಲೇ ಬೇಗ ಬೇಗ ನಡೆದು ಹೋದಳು. ನನಗೆ ಹೆಮ್ಮೆಯಾಯಿತು.

ಏಪ್ರಿಲ್ 13, ಗರಿಗಳ ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ದುರ್ಗವ್ವ ಚರ್ಚಿಗೆ ಬರಲಿಲ್ಲ. ಊಟದ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಗಂಡಸು ನಿಂತಿದ್ದ. ಹನುಮೇಶ. ಕೈಯಲ್ಲಿ ಆ ಬಿಳಿ ಸೀರೆ, ರವಿಕೆ, ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದ. ಒಳಗೆ ಬಾಪ್ಪ ಎಂದರೂ ಬರಲಿಲ್ಲ. ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅವನು ಮೆಲ್ಲಗೆ ಹೇಳಿದ.

"ನಮ್ಮವ್ವ ಬಾಗಲದಾಗ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲ್ರಿ ಟೀಚರ್. ಈಕಿ ಬಿಳಿ ಸೀರಿ ಉಟ್ಟು, ಬರೇ ಕೈಲೆ ಬರೂದು ಕಂಡ್ಲು. ಮಗಾ ಹೋದ ಅಂತ ತಿಳಕೊಂಡ್ಲು. ನಾನು ಕೆಂಗೇರ್ಯಾಗ ಎಂಟನೇ ಮಾಳಿಗಿ ಸೆಂಟ್ರಿಂಗ್ ಮ್ಯಾಲ ಇದ್ನಿ. ಫೋನಿನಾಗ ಚಾರ್ಜ್ ಇರಲಿಲ್ಲ."

ಮುದುಕಿ ಎದೆ ಬಡಿದುಕೊಂಡು ಎದ್ದವಳು ಜಲ್ಲಿ ರಾಶಿಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡಿದ್ದಾಳೆ. ಅಕ್ಕಪಕ್ಕದ ಶೆಡ್ಡುಗಳಲ್ಲೂ ಅವರ ಕಡೆಯ ಜನವೇ, ಎಲ್ಲ ಸೇರಿ ಅತ್ತಿದ್ದಾರೆ. ದುರ್ಗವ್ವ ಮೊದಮೊದಲು ಹಂಗಲ್ಲ, ಹಂಗಲ್ಲ ಎಂದಳಂತೆ. ಯಾರೂ ಕೇಳಲಿಲ್ಲ. ಗಂಡನ ಫೋನು ಹತ್ತದೇ ಹೋದಾಗ ಅವಳಿಗೂ ಅನುಮಾನ ಬಂತು. ಬಳೆ ಒಡೆದದ್ದು ನೆನಪಾಯಿತು. ಆಮೇಲೆ ಅವಳೂ ಅವರ ಜೊತೆ ಕೂತು ಅತ್ತಳು.

"ಸಂಜೀ ಮುಂದ ಓಣಿಗೆ ಬಂದ್ರ ಮಂದಿ ಕೂಡ್ಯಾರ. ಯಾರು ಹೋದ್ರು ಅಂತ ಕೇಳೀನ್ರಿ ನಾನು. ಸೆಂಟ್ರಿಂಗ್ ಹನುಮೇಶ ಅಂದ ಒಬ್ಬಾವ." ಅವನು ನಗಲು ನೋಡಿದ, ಆಗಲಿಲ್ಲ. "ನನ್ನ ಸಾವಿಗೆ ನಾನ ಬಂದಂಗಾತ್ರಿ."

ಚೀಲವನ್ನು ಗೇಟಿನ ಕಂಬದ ಮೇಲಿಟ್ಟ. ಇನ್ನು ದುರ್ಗವ್ವ ಬರುವುದಿಲ್ಲ, ಅವ್ವ ಬೇಡ ಅಂದಿದ್ದಾಳೆ ಎಂದ. ನಾನು ಒಂದು ಲೋಟ ನೀರು ಕೂಡ ಕೊಡಲಿಲ್ಲ.

ಏಪ್ರಿಲ್ 14, ಸೋಮವಾರ

ನನ್ನ ತಪ್ಪು ಏನು? ಅವರೂ ಕ್ರೈಸ್ತರೇ. ಮೂರು ತಲೆಮಾರಿನಿಂದ ಯೇಸಪ್ಪ ಎನ್ನುವವರು ಬಿಳಿ ಸೀರೆ ಕಂಡು ಹೆದರಿದರೆ ಅದಕ್ಕೆ ನಾನು ಹೊಣೆಯಾ? ಗ್ರೇಸಮ್ಮನೂ ಫೋನಿನಲ್ಲಿ ಅದೇ ಅಂದರು. "ಟೀಚರ್, ನೀವು ಸರಿಯಾಗೇ ಮಾಡಿದೀರ ಬಿಡಿ."

ಅವರು ಸರಿ ಎಂದದ್ದರಿಂದ ಯಾಕೋ ಸಮಾಧಾನವಾಗಲಿಲ್ಲ.

ಏಪ್ರಿಲ್ 15, ಮಂಗಳವಾರ

ಅಡುಗೆ ಮಾಡಲಿಲ್ಲ. ಬ್ರೆಡ್ ತಿಂದೆ.

ಏಪ್ರಿಲ್ 16, ಬುಧವಾರ

ಪಾಠದ ದಿನ. ಮೂರು ಗಂಟೆಯವರೆಗೆ ಗೇಟು ನೋಡಿದೆ. ಆಮೇಲೆ ಆಟೋ ಹಿಡಿದು ಮೂಡಲಪಾಳ್ಯಕ್ಕೆ ಹೋದೆ.

ಕಸ್ತೂರೆವ್ವ ಶೆಡ್ಡಿನ ಮುಂದೆ ಕೂತಿದ್ದಳು. ಬಲಗೈಗೆ ಬಿಳಿ ಕಟ್ಟು. ಮೈ ಚಿಕ್ಕದು, ಕಣ್ಣು ಚೂಪು. ದುರ್ಗವ್ವ ನನ್ನನ್ನು ಕಂಡು ಒಳಗೆ ಹೋಗಿ ಚಾಪೆ ತಂದು ಹಾಸಿದಳು. ಕೈಯಲ್ಲಿ ಬಳೆಯಿಲ್ಲ, ಕೆಂಪು ದಾರ ಕಟ್ಟಿಕೊಂಡಿದ್ದಳು. ಅವಳ ಬಳೆಗಳು ಇನ್ನೂ ನನ್ನ ಮಿಷನ್ನಿನ ಮೇಲೇ ಇದ್ದವು. ತರಬೇಕು ಅಂತಲೂ ನನಗೆ ಹೊಳೆದಿರಲಿಲ್ಲ.

ಮನೆಯಿಂದ ಹೊರಡುವಾಗ ಕ್ಷಮೆ ಕೇಳಬೇಕೆಂದಿದ್ದೆ. ಬಾಯಿ ತೆರೆದರೆ ಪಾಠವೇ ಬಂತು. ಬಿಳಿ ಎಂದರೆ ಶುದ್ಧತೆ, ನಮ್ಮಲ್ಲಿ ಅಪಶಕುನ ಅನ್ನುವುದಿಲ್ಲ ಎಂದು ಶುರುಮಾಡಿದೆ. ಮುದುಕಿ ಪೂರ್ತಿ ಕೇಳಿದಳು. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿಮ್ಮ ಯಜಮಾನ್ರು ಅದಾರೇನ್ರಿ?"

"ಇಲ್ಲಮ್ಮ. ತೀರ್ಕೊಂಡು ಮೂರು ವರ್ಷ ಆಯ್ತು."

"ಅವ್ರು ಇದ್ದಾಗ ಬಿಳೀದ ಉಡತಿದ್ರೇನು?"

ಇಲ್ಲ ಎಂದೆ.

"ಹಂಗಾದ್ರ ನಿಮಗ ಗೊತ್ತೈತ್ರಿ" ಎಂದಳು ಕಸ್ತೂರೆವ್ವ. "ಗೊತ್ತಿದ್ದೂ ನನ್ನ ಸೊಸಿಗೆ ಉಡಿಸಿದ್ರಲ್ರಿ."

ಸರಳತೆ, ಸರಳತೆಗೋಸ್ಕರ ಎಂದು ಏನೋ ತೊದಲಿದೆ. ಚಹಾ ಬಂತು, ಕುಡಿದೆ. ಎದ್ದು ಬಂದೆ.

ಏಪ್ರಿಲ್ 18, ಶುಭ ಶುಕ್ರವಾರ

ಚರ್ಚಿನಲ್ಲಿ ಇವತ್ತು ಎಲ್ಲರೂ ಬಿಳಿ. ಗಂಡ ಇರುವವರೂ ಇಲ್ಲದವರೂ. ನಮ್ಮ ಊರಿನ ರೂಢಿ ಇದು, ಕರ್ತನ ಸಾವಿನ ದಿನದ ಶೋಕ. ಹಾಗಿದ್ದರೆ ಬಿಳಿ ಶೋಕವೇ ಅಲ್ಲವೇ? ಶುಕ್ರವಾರ ಶೋಕ, ಭಾನುವಾರ ಅದೇ ಸೀರೆ ಶುದ್ಧತೆ! ಮೂರು ಗಂಟೆಯ ಆರಾಧನೆಯಲ್ಲಿ ಇದನ್ನೇ ಯೋಚಿಸುತ್ತ ಕೂತುಬಿಟ್ಟೆ, ದೇವರು ಕ್ಷಮಿಸಲಿ.

ಮುಗಿದ ಮೇಲೆ ಅಯ್ಯನವರನ್ನು ಹಿಡಿದು ಕೇಳಿದೆ, ಸೇರುವ ದಿನ ಬಿಳಿ ಉಡಬೇಕೆಂದು ಯಾವ ಪುಸ್ತಕದಲ್ಲಿದೆ ಎಂದು. ಅವರು ನಕ್ಕರು. "ಎಲ್ಲೂ ಇಲ್ಲ ಟೀಚರ್. ಈ ಸಭೆ ಶುರುವಾದಾಗ ಇದ್ದ ದೊರೆಸಾನಿ ಹಾಕ್ಕೊಟ್ಟ ಪದ್ಧತಿ ಅಂತಾರೆ. ಅವರ ದೇಶದಲ್ಲಿ ಮದುಮಗಳು ಬಿಳಿ ಹಾಕ್ತಾಳೆ. ಗಂಡ ಸತ್ತವಳು ಕಪ್ಪು ಹಾಕ್ತಾಳೆ."

ಆ ಪುಣ್ಯಾತ್ಗಿತ್ತಿ ಸಂತೋಷದ ಬಣ್ಣ ಎಂದು ಕೊಟ್ಟಳು. ನಾವು ಏನೂ ಕೇಳದೆ ಇಟ್ಟುಕೊಂಡೆವು, ನಾನು ಅದಕ್ಕೆ ಗಾಜು ಹಾಕಿಸಿದೆ.

ದುರ್ಗವ್ವ ತನ್ನ ಸೀರೆಯಲ್ಲೇ ಬರಲಿ ಎಂದು ಅಯ್ಯನವರಲ್ಲಿ ಕೇಳಿಕೊಂಡೆ. ನಾಳೆ ಕಮಿಟಿಯಲ್ಲಿ ಮಾತಾಡಿ ಎಂದರು.

ನಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ನೆನಪಾಯಿತು. ಜಡೆಯಲ್ಲಿ ಹೂವಿತ್ತು, ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಮುಡಿದದ್ದು. ಅದನ್ನು ತೆಗೆ ಎಂದು ಯಾರೂ ಹೇಳಲಿಲ್ಲ. ನಾನೇ ಬಚ್ಚಲಿಗೆ ಹೋಗಿ ತೆಗೆದೆ, ಯಾರಾದರೂ ನೋಡುವ ಮುಂಚೆ.

ಏಪ್ರಿಲ್ 19, ಶನಿವಾರ

ಕಮಿಟಿಯಲ್ಲಿ ಜಗಳವಾಡಿದೆ. ಗ್ರೇಸಮ್ಮ ನನ್ನ ನಿಯಮವನ್ನು ನನಗೇ ಓದಿದರು. "ನೀವೇ ಬರೆದಿದ್ದು ಟೀಚರ್. ಇವತ್ತು ಒಬ್ಬಳಿಗೆ ಬಿಟ್ರೆ ನಾಳೆ ಹುಡುಗೀರು ತೋಳಿಲ್ಲದ್ದು ಹಾಕ್ಕೊಂಡ್ ಬರ್ತಾರೆ. ಆಗ ಏನು ಮಾಡ್ತೀರ?"

"ಬಂದ್ರೆ ಪಕ್ಕದಲ್ಲಿ ಕೂರಿಸ್ಕೋತೀನಿ" ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ತಿಳಿಯದು. ಆಮೇಲೆ ಇನ್ನೂ ಒಂದು ಹೇಳಿದೆ. "ನಿಮ್ಮ ಕೈಲಿರೋ ಆರು ಬಳೆ ಆ ಬೋರ್ಡಿನ ಮುಂದೇನೇ ದಾಟಿ ಬರ್ತವೆ. ಅವಳದ್ದು ಗಾಜು ಅಂತ ತಾನೇ ನಮ್ಮ ಕಣ್ಣಿಗೆ ಬೀಳೋದು?" ಗ್ರೇಸಮ್ಮ ಎದ್ದು ಹೊರಗೆ ಹೋದರು. ಅವರಿಗೆ ಹಾಗನ್ನಬಾರದಿತ್ತು, ನಮ್ಮ ಯಜಮಾನರು ತೀರಿಕೊಂಡ ವಾರವೆಲ್ಲ ನನ್ನ ಮನೆಯಲ್ಲಿ ಅಡುಗೆ ಮಾಡಿದವರು ಅವರೇ. ಕೊನೆಗೆ ಅಯ್ಯನವರು, ಕಾರ್ಯದರ್ಶಿ ಎಲ್ಲರ ಮುಂದೆ ಎದ್ದು ನಿಂತು ಇವಳು ಯೋಗ್ಯಳು ಎಂದರೆ ಅಷ್ಟೇ ಸಾಕು ಎಂದರು.

ಅಲ್ಲಿಂದ ನೇರ ಮೂಡಲಪಾಳ್ಯಕ್ಕೆ. ಈ ಸಲ ಕ್ಷಮೆ ಮೊದಲು ಕೇಳಿದೆ, ಪಾಠ ಮಾಡಲಿಲ್ಲ. ದುರ್ಗವ್ವ ತನ್ನ ಬಟ್ಟೆಯಲ್ಲೇ ಬರಬಹುದು ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಕಸ್ತೂರೆವ್ವ ಸೊಸೆಯ ದಾರ ಕಟ್ಟಿದ ಕೈಯನ್ನು ಎತ್ತಿ ನನಗೆ ತೋರಿಸಿದಳು.

"ಬಳಿ ನಿಮ್ಮ ಕೈಲೆ ಒಡದಾವ್ರಿ. ನಿಮ್ಮ ಕೈಲೇ ಹೊಸಾವು ಇಡಸ್ರಿ. ಆಮ್ಯಾಲ ಕಳಸತೀನಿ."

ಮೂಲೆಯ ಬಳೆ ಅಂಗಡಿಯಿಂದ ಹಸಿರು ಬಳೆ ತಂದೆವು. ದುರ್ಗವ್ವ ಕೈ ಚಾಚಿ ಕೂತಳು. ಮೊದಲ ಬಳೆ ಹಿಡಿದ ನನಗೆ ಕೈ ಮುಂದೆ ಹೋಗಲೇ ಇಲ್ಲ.

"ನಾನು... ನಾನು ಇಡಿಸಬಹುದಾ ಅಮ್ಮ? ಗಂಡ ಇಲ್ಲದವಳು."

ಹೌದು, ನಾನೇ ಕೇಳಿದೆ. ಮೂಢನಂಬಿಕೆ ಎಂದು ಊರಿಗೆಲ್ಲ ಬೋಧನೆ ಮಾಡುವವಳು, ಶೀಟಿನ ಮನೆಯ ಮುಂದೆ ಕೂತು, ಕೈಯಲ್ಲಿ ಬಳೆ ಹಿಡಿದುಕೊಂಡು. ನಾನು ಇಡಿಸಿದರೆ ಆ ಹನುಮೇಶನಿಗೆ ಏನಾದರೂ ಆದರೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಕಸ್ತೂರೆವ್ವ ಪಟ್ಟಿ ಹಾಕದ ಕೈಯನ್ನು ನನ್ನ ಕೈ ಮೇಲಿಟ್ಟಳು. "ನಾನೂ ಗಂಡನ್ನ ಕಳಕೊಂಡಾಕೀನ್ರಿ. ಈಕಿ ಮದುವ್ಯಾಗ ನಾನ ಬಳಿ ಇಡಿಸೀನಿ. ಮಂದಿ ಅಂದ್ರು, ಅನ್ಲಿ. ಯೇಸಪ್ಪನ ಮುಂದ ಅದೆಲ್ಲಾ ಇಲ್ರಿ. ಇಡಸ್ರಿ."

ಒಂದೂ ಒಡೆಯದೆ ಎಲ್ಲವನ್ನೂ ಇಡಿಸಿದೆ.

ಏಪ್ರಿಲ್ 20, ಈಸ್ಟರ್

ಬಂದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು ತಲೆಯ ಮೇಲೆ, ಕೆನ್ನೆಗೆ ಅರಿಶಿನ. ಹಿಂದೆ ಹನುಮೇಶ, ಇಸ್ತ್ರಿ ಮಾಡಿದ ಅಂಗಿ. ಕಸ್ತೂರೆವ್ವ ಒಂದು ಕೈ ಮಗನ ಭುಜದ ಮೇಲಿಟ್ಟುಕೊಂಡು.

ಅಯ್ಯನವರು ಹೆಸರು ಕರೆದು, "ಇವಳು ಯೋಗ್ಯಳೆಂದು ಹೇಳುವವರು ಯಾರು?" ಎಂದರು. ಎದ್ದು ನಿಂತೆ. ಮುನ್ನೂರು ಜನರ ಕಣ್ಣು. ಹೇಳಬೇಕಾದದ್ದು ಒಂದು ವಾಕ್ಯ. "ಯೋಗ್ಯಳು" ಎಂದ ಮೇಲೆ ಕೂರಬೇಕಿತ್ತು, ಕೂರಲಿಲ್ಲ. "ನಾನು ಅವಳಿಗೆ ಪಾಠ ಹೇಳಿದೆ. ನಡುವೆ ತಪ್ಪು ಮಾಡಿದೆ. ಆ ತಪ್ಪು ಅವಳದ್ದಲ್ಲ" ಎಂದೆ. ಮುಂದಿನ ಸಾಲಿನಲ್ಲಿದ್ದ ಗ್ರೇಸಮ್ಮ ತಿರುಗಿ ನೋಡಲಿಲ್ಲ. ಆದರೆ ದುರ್ಗವ್ವ ಮೊಣಕಾಲೂರಲು ಹೋದಾಗ ಕಾಲಿಗೆ ಸಿಕ್ಕ ನೆರಿಗೆಯನ್ನು ಬಾಗಿ ಬಿಡಿಸಿದವರು ಅವರೇ.

ರೊಟ್ಟಿ ಕೊಟ್ಟಾಗ ದುರ್ಗವ್ವ ಕೂಡಲೇ ಬಾಯಿಗೆ ಹಾಕಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು. ಅವ್ವನಿಗೆ ಹೇಳಿದ ಸುಳ್ಳು ಇವತ್ತು ತೀರಿತೆಂದು ನನಗೆ ಗೊತ್ತಾಯಿತು. ಅತ್ತುಬಿಟ್ಟೆ, ಮುಚ್ಚಿಟ್ಟುಕೊಳ್ಳಲೂ ಇಲ್ಲ.

ಹೊರಗೆ ಅಂಗಳದಲ್ಲಿ ಎಲ್ಲರೂ ಕೇಕು ತಿನ್ನುತ್ತಿದ್ದರು. ಕಸ್ತೂರೆವ್ವ ಹತ್ತಿರ ಬಂದಳು.

"ಇವತ್ತ ಏನ ಹಬ್ಬಾರಿ ಟೀಚರ್?"

"ಯೇಸು ಎದ್ದು ಬಂದ ದಿನ ಅಲ್ವಾ ಅಮ್ಮ."

"ಹೌದಲ್ರಿ? ಸತ್ತಾವರು ಎದ್ದ ಬಂದಾರ. ನೀವ್ಯಾಕ ಇನ್ನೂ ಅಳಕೋತ ನಿಂತೀರಿ?"

ಕಣ್ಣು ಮುಟ್ಟಿ ನೋಡಿಕೊಂಡೆ. "ಇಲ್ಲ, ಈಗ ಅಳ್ತಾ ಇಲ್ಲ."

"ನೀವಲ್ರಿ" ಎಂದು ಮುದುಕಿ ನನ್ನ ಬಿಳಿ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ನಿಮ್ಮ ಸೀರಿ ಅಳತೈತ್ರಿ."

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಹಾಲು ತರಲು ಹೋಗುವಾಗ ಬೀರುವಿನ ತಳದಲ್ಲಿ ಮಡಿಸಿಟ್ಟಿದ್ದ ಮಾವಿನಹಣ್ಣಿನ ಬಣ್ಣದ ಸೀರೆ ಉಟ್ಟೆ. ಮಡಿಕೆಯಲ್ಲಿ ಬಣ್ಣ ಸ್ವಲ್ಪ ಮಾಸಿದೆ. ಗೇಟಿನ ಹತ್ತಿರ ಹೋಗಿ ಎರಡು ಸಲ ವಾಪಸು ಬಂದೆ. ಮೂರನೆಯ ಸಲ ಹೊರಟೆ.

ರಸ್ತೆಯುದ್ದಕ್ಕೂ ಸೆರಗು ಎಳೆದೆಳೆದು ಹೊದ್ದುಕೊಂಡೆ. ಮೈಮೇಲೆ ಬಟ್ಟೆಯೇ ಇಲ್ಲವೇನೋ ಎನ್ನುವಷ್ಟು ನಾಚಿಕೆ. ಹಾಲಿನ ಅಂಗಡಿಯ ಮುನಿಲಕ್ಷ್ಮಮ್ಮ ಪ್ಯಾಕೆಟ್ ಕೊಡುತ್ತ, "ಏನ್ ಟೀಚರ್, ಎಲ್ಲಾದ್ರೂ ಫಂಕ್ಷನ್ನಾ?" ಎಂದರು.

"ಇಲ್ಲಮ್ಮ, ಸುಮ್ನೆ."

"ಚೆನ್ನಾಗಿದೆ" ಎಂದು ಮುಂದಿನವರಿಗೆ ಮೊಸರು ಕೊಡಲು ತಿರುಗಿದರು.

ಅಷ್ಟೇ. ಬೇರೆ ಯಾರೂ ತಲೆ ಎತ್ತಿ ಕೂಡ ನೋಡಲಿಲ್ಲ. ಇದಕ್ಕೆ ಹೆದರಿ ಮೂರು ವರ್ಷ ಕೂತಿದ್ದೆ.